ಮದ್ದಿನ ಬ್ಯಾರೆಲಿನ ಹತ್ತಿರ ನಿಂತಿದ್ದ ಹುಡುಗ

ಕಾಸರಗೋಡು ಜಿಲ್ಲೆಯ ಎಣ್ಮಕಜೆ ಕಡೆಯ ಓದುಗರೊಬ್ಬರು ಆರು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುತ್ತಿಲ್ಲ. ಪತ್ರದ ಮುಖ್ಯ ಭಾಗ ಇದು:

“ನನಗೆ ಈಗ 68. ಮೂರು ಎಕರೆ ಅಡಿಕೆ ತೋಟ. ನನ್ನ ಅಪ್ಪ ಗೇಣಿಗೆ ಮಾಡುತ್ತಿದ್ದ ಜಾಗ, 1970ರ ಭೂಸುಧಾರಣೆ ಕಾನೂನು ಬಂದ ಮೇಲೆ ನಮ್ಮದಾಯಿತು. ಮಗನಿಗೆ 37. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ. ಮಗಳನ್ನು ಪುತ್ತೂರಿಗೆ ಕೊಟ್ಟಿದೆ. ಮಗ ದಿನಾ ರಾತ್ರಿ ಒಂಬತ್ತಕ್ಕೆ ಫೋನ್ ಮಾಡುತ್ತಿದ್ದ. ನಾನು ಎತ್ತಿದರೆ ‘ಊಟ ಆಯ್ತಾ, ಮಳೆ ಉಂಟಾ, ಅಮ್ಮನಿಗೆ ಕೊಡಿ’, ಅಷ್ಟೇ. ಕಳೆದ ಆಟಿ ತಿಂಗಳ ಮಳೆಯಲ್ಲಿ ತೋಡಿನ ಸಂಕ, ಅಂದರೆ ಹಳ್ಳದ ಕಾಲುಸೇತುವೆ, ದಾಟುವಾಗ ಜಾರಿ ಬಿದ್ದೆ. ಕೈ ಮೂಳೆ ಬಿರುಕು ಬಿಟ್ಟಿತು. ಮಗಳು ಬಂದು ಹದಿನೈದು ದಿನ ಇದ್ದಳು. ಮಗ ಬಂದವನು ಎರಡನೇ ದಿನ ‘ಇನ್ನು ತೋಟಕ್ಕೆ ಇಳಿಯಬೇಡಿ, ಯಾರಿಗಾದರೂ ಲೀಸಿಗೆ ಕೊಟ್ಟು ಬೆಂಗಳೂರಿಗೆ ಬನ್ನಿ’ ಎಂದ. ನನಗೆ ತಡೆಯಲಾಗಲಿಲ್ಲ. ‘ನಿನ್ನ ಅಜ್ಜ ಬೆವರು ಸುರಿಸಿದ ಜಾಗ, ನಿನಗೆ ಬೇಡವಾದರೆ ಈ ಕಡೆ ಬರುವುದೇ ಬೇಡ’ ಎಂದು ಬೈದೆ. ಅವನು ಆ ರಾತ್ರಿಯೇ ಬಸ್ಸು ಹತ್ತಿದ. ದೀಪಾವಳಿಗೆ ಬರಲಿಲ್ಲ, ವಿಷುವಿಗೂ ಬರಲಿಲ್ಲ. ಈಗ ಅವನ ಅಮ್ಮನ ಫೋನಿಗೆ ಮಾತ್ರ ಮಾಡುತ್ತಾನೆ. ವಯಸ್ಸಾದ ತಂದೆ ಮಗನ ಹತ್ತಿರ ಹೇಗೆ ಮಾತಾಡಬೇಕು? ನಿಮಗೆ ಗೊತ್ತಿದ್ದರೆ ಬರೆಯಿರಿ.

“ಇನ್ನೊಂದು. ಅವನಿಗೆ ಹನ್ನೆರಡು ವರ್ಷ ಆಗಿದ್ದಾಗ ಅಡಿಕೆಗೆ ಬಿಡುವ ಮದ್ದಿನ ಬ್ಯಾರೆಲಿನ ಹತ್ತಿರ, ಕೆಲಸದವರ ಎದುರು, ಕೆನ್ನೆಗೆ ಹೊಡೆದಿದ್ದೆ. ಸುಣ್ಣದ ನೀರನ್ನು ಮೈಲುತುತ್ತಿನ ನೀರಿಗೆ ಸುರಿದು ಒಂದು ಬ್ಯಾರೆಲ್ ಪೂರ್ತಿ ಹಾಳು ಮಾಡಿದ್ದ. ಈಗ ನಿದ್ದೆ ಬಾರದ ರಾತ್ರಿ ಅದು ನೆನಪಾಗುತ್ತದೆ.”

ಅಣ್ಣಾ,

ಪತ್ರ ಬಂದು ಮೂರು ವಾರ ಆಯಿತು. ಉತ್ತರ ತಡವಾದ್ದಕ್ಕೆ ಕ್ಷಮೆ ಇರಲಿ. ಎರಡು ಸಲ ಬರೆದು ಹರಿದೆ. ನೀವು ಕೇಳಿದ್ದು ನನ್ನ ಮನೆಯ ಪ್ರಶ್ನೆಯೂ ಹೌದು. ಹಾಗಾಗಿ ಸುಮ್ನೆ ನಾಲ್ಕು ಒಳ್ಳೆಯ ಮಾತು ಹೇಳಿ ಮುಗಿಸಲು ಮನಸ್ಸು ಬರಲಿಲ್ಲ.

ಐದೂವರೆ ಪುಟ ನೀವು ತೋಟದ ಬಗ್ಗೆ, ಲೀಸಿನ ಬಗ್ಗೆ, ಮಗನ ಮೌನದ ಬಗ್ಗೆ ಬರೆದಿದ್ದೀರಿ. ಕೊನೆಗೆ ‘ಇನ್ನೊಂದು’ ಎಂದು ಮೂರು ಸಾಲು. ನೀವು ಪೆನ್ನು ಹಿಡಿದು ಕೂತದ್ದು ಆ ಮೂರು ಸಾಲಿಗಾಗಿಯೇ ಎಂದು ನನಗೆ ಅನಿಸಿದೆ. ಅಲ್ಲಿಗೆ ಬರುತ್ತೇನೆ. ಮೊದಲು ಲೀಸಿನ ವಿಷಯ ಹೇಳಿಬಿಡುತ್ತೇನೆ. ಅಲ್ಲಿ ಒಂದೇ ಶಬ್ದ ನಿಮ್ಮಿಬ್ಬರಿಗೂ ಬೇರೆ ಬೇರೆ ಕೇಳಿಸಿದೆ.

ನಿಮ್ಮ ಮಗ ಇರುವ ಬೆಂಗಳೂರಿನಲ್ಲಿ ಲೀಸ್ ಎಂದರೆ ಮನೆಗೆ ಸಂಬಂಧಪಟ್ಟ ಮಾತು. ಒಂದಿಷ್ಟು ಲಕ್ಷ ಒಟ್ಟಿಗೆ ಕೊಟ್ಟು ಎರಡು ಮೂರು ವರ್ಷ ಬಾಡಿಗೆ ಇಲ್ಲದೆ ಇರುವುದು. ಅವಧಿ ಮುಗಿದಾಗ ಹಣ ವಾಪಸು, ಮನೆ ವಾಪಸು. ಅಲ್ಲಿ ಅದರಲ್ಲಿ ಅವಮಾನ ಏನೂ ಇಲ್ಲ. ನಿಮ್ಮ ಕಿವಿಗೆ ಅದು ಗೇಣಿ ಎಂದು ಬಿತ್ತು. ಬೀಳದೆ ಹೇಗಿರುತ್ತದೆ? ಕೇರಳದಲ್ಲಿ ಗೇಣಿ ಪದ್ಧತಿ ಕಾನೂನಿನಲ್ಲಿ ಮುಗಿದದ್ದು 1970ರ ಜನವರಿ 1ಕ್ಕೆ. ಆಗ ನಿಮಗೆ ಹನ್ನೆರಡು. ಅದಾದ ಮೇಲೆ ಹಕ್ಕುಪತ್ರ ಕೈಗೆ ಬಂದ ದಿನ ನಿಮ್ಮ ಅಪ್ಪ ಏನು ಮಾಡಿದರು ಎಂದು ಮೂರನೇ ಪುಟದಲ್ಲಿ ಬರೆದಿದ್ದೀರಿ. ಕಾಗದವನ್ನು ಅಕ್ಕಿಮುಡಿಯ ಅಡಿಯಲ್ಲಿಟ್ಟು, ಯಾರ ಹತ್ತಿರವೂ ಮಾತಾಡದೆ, ಸಂಜೆ ಒಬ್ಬರೇ ಜಾಗದ ಗಡಿ ಪೂರ್ತಿ ಸುತ್ತಿ ಬಂದರು. ಕತ್ತಲಾದ ಮೇಲೆ ಅಂಗಳಕ್ಕೆ ಬಂದು ಕಾಲು ತೊಳೆದರು. ಓದುವಾಗ ನನ್ನ ಕಣ್ಣು ತುಂಬಿತು.

ಇದನ್ನು ನನಗೆ ಬರೆದಿರಿ. ಮಗನಿಗೆ ಯಾವತ್ತಾದರೂ ಹೇಳಿದ್ದೀರಾ?

ಹೇಳಿರಲಿಕ್ಕಿಲ್ಲ. ಹೇಳಿದ್ದರೆ ಅವನು ಆ ಶಬ್ದ ಬಳಸುತ್ತಿರಲಿಲ್ಲ. ಇನ್ನೊಂದು ವಿಷಯ, ಕೃಷಿ ಜಾಗವನ್ನು ಹೊಸದಾಗಿ ಗೇಣಿಗೆ ಕೊಡುವುದಕ್ಕೆ ಕೇರಳದ ಭೂಸುಧಾರಣೆ ಕಾನೂನೇ ಅಡ್ಡ ಬರುತ್ತದೆ. ಅದೂ ಅವನಿಗೆ ತಿಳಿದಿಲ್ಲ ಎಂದು ಕಾಣುತ್ತದೆ. ಅವನು ಅಜ್ಜನ ಬೆವರನ್ನು ಕಡೆಗಣಿಸಿ ಮಾತಾಡಿದವನಲ್ಲ. ಅಜ್ಜನ ಕಥೆಯನ್ನೇ ಕೇಳದವನು.

ಮತ್ತೆ, ಅವನ ಆ ಮಾತಿನಲ್ಲಿ ನನಗೆ ಕೇಳಿಸಿದ್ದು ಹೆದರಿಕೆ. ‘ತೋಟಕ್ಕೆ ಇಳಿಯಬೇಡಿ.’ ಸಣ್ಣವನಿದ್ದಾಗ ನೀವು ಅವನಿಗೆ ಮಳೆಗಾಲದಲ್ಲಿ ಎಷ್ಟು ಸಲ ‘ತೋಡಿಗೆ ಇಳಿಯಬೇಡ’ ಎಂದು ಗದರಿಸಿರಬಹುದು? ಆಗ ನಿಮಗೆ ಸಿಟ್ಟು ಇತ್ತಾ? ಹೆದರಿಕೆ ಇತ್ತು. ನಾವು ತಂದೆಯಂದಿರು ಹೆದರಿದಾಗ ಅಪ್ಪಣೆ ಮಾಡುತ್ತೇವೆ. ಅವನು ಮಾತು ಕಲಿತದ್ದು ನಿಮ್ಮಿಂದಲೇ ಅಲ್ವಾ?

ಊರು ಬಿಟ್ಟ ಮಕ್ಕಳ ಹೆದರಿಕೆಗೆ ನಮ್ಮ ಕಡೆ ಒಂದು ಕಾರಣ ಜಾಸ್ತಿ ಉಂಟು. ದೊಡ್ಡ ಕಾಯಿಲೆಗೆ ನಾವು ಓಡುವುದು ಮಂಗಳೂರಿಗೆ. 2020ರ ಮಾರ್ಚಿನಲ್ಲಿ, ಕೊರೋನಾ ಸಮಯದಲ್ಲಿ, ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿತು. ಒಳರಸ್ತೆಗಳಿಗೆ ಮಣ್ಣು ಸುರಿದರು. ಆಸ್ಪತ್ರೆಗೆ ಹೋಗಲಾಗದೆ ಜೀವ ಬಿಟ್ಟವರು ನಮ್ಮ ಜಿಲ್ಲೆಯಲ್ಲಿದ್ದಾರೆ. ಆ ದಿನಗಳಲ್ಲಿ ನನ್ನ ಮಗಳು ಬೆಂಗಳೂರಿನಲ್ಲಿದ್ದಳು. ನಮಗೆ ಏನಾದರೂ ಆದರೆ ತಾನು ಬರಲಾಗುವುದಿಲ್ಲ ಎಂಬ ಯೋಚನೆಯಲ್ಲಿ ಅವಳು ನಿದ್ದೆ ಮಾಡುತ್ತಿರಲಿಲ್ಲವಂತೆ. ಇದು ನನಗೆ ತಿಳಿದದ್ದು ಎರಡು ವರ್ಷ ಕಳೆದ ಮೇಲೆ. ನಿಮ್ಮ ಮಗನೂ ಆ ದಿನಗಳನ್ನು ಅಲ್ಲೇ ಕಳೆದವನು. ಅಪ್ಪ ಬಿದ್ದರು ಎಂದು ಫೋನಿನಲ್ಲಿ ಕೇಳಿದಾಗ ಅವನ ಎದೆಯಲ್ಲಿ ಏನೇನು ಆಗಿರಬಹುದು ಎಂದು ಸ್ವಲ್ಪ ಯೋಚನೆ ಮಾಡಿ.

ಬೆಂಗಳೂರಿಗೆ ಹೋಗಬೇಕಾ ಎಂದು ನೀವು ಕೇಳಿಲ್ಲ. ಆದರೂ ನನ್ನ ಅಭಿಪ್ರಾಯ ಹೇಳುತ್ತೇನೆ. ಕೈಕಾಲು ನಡೆಯುವಷ್ಟು ದಿನ ಪೂರ್ತಿಯಾಗಿ ಹೋಗಬೇಡಿ. ತೋಟ ಬಿಟ್ಟು ಹೋಗಿ ನಾಲ್ಕನೇ ಮಾಳಿಗೆಯ ಮನೆಯಲ್ಲಿ ಸಂಜೆ ಆಗುವುದನ್ನೇ ಕಾಯುತ್ತಾ ಕೂತವರನ್ನು ನಾನು ಕಂಡಿದ್ದೇನೆ. ಆದರೆ ಮಗ ಹೇಳಿದ್ದರಲ್ಲಿ ಅರ್ಧ ಸರಿ. ಮಳೆಗಾಲದಲ್ಲಿ ಒಬ್ಬರೇ ತೋಟಕ್ಕೆ ಹೋಗುವುದನ್ನು ಬಿಡಿ. ಅಡಿಕೆ ಮರದ ಸಂಕ ತೆಗೆಸಿ, ಸಿಮೆಂಟಿನದ್ದು ಹಾಕಿಸಿ, ಒಂದು ಬದಿಗೆ ಹಿಡಿಯಲು ಕಬ್ಬಿಣದ ಪೈಪು ಇರಲಿ. ಆಟಿಯಲ್ಲಿ ಪಾಚಿ ಹಿಡಿದ ಮರದ ಮೇಲೆ ಇಪ್ಪತ್ತರ ಹುಡುಗನೂ ಜಾರುತ್ತಾನೆ. ಫೋನು ಅಂಗಿಯ ಕಿಸೆಯಲ್ಲೇ ಇರಲಿ. ಈಗಂತೂ ಫೈಬರ್ ದೋಟಿ, ಅಂದರೆ ಉದ್ದದ ಕೋಲು, ಬಂದಿದೆ, ನೆಲದಲ್ಲಿ ನಿಂತೇ ಮದ್ದು ಬಿಡುವ, ಕೊಯ್ಲು ಮಾಡುವ ಹುಡುಗರು ಇದ್ದಾರೆ. ಅವರಿಗೆ ಹೇಳಿ. ಇಷ್ಟು ಮಾಡಿಸಿ, ಸಂಕದ ಒಂದು ಫೋಟೋ ಮಗನಿಗೆ ಕಳಿಸಿದರೆ ಅವನಿಗೆ ಎಷ್ಟೋ ಸಮಾಧಾನ.

ಇನ್ನು ಮಾತಾಡುವ ವಿಷಯ.

ನಮ್ಮ ಮನೆ ನೀರ್ಚಾಲು ಕಡೆ. ಬಾವಿಯಲ್ಲಿ ನೀರು ಸಾಲದೆ ಅಪ್ಪ ಗುಡ್ಡಕ್ಕೆ ಸುರಂಗ ಕೊರೆಸಿದರು. ಸುರಂಗ ನಿಮಗೆ ಹೊಸತಲ್ಲ, ನಿಮ್ಮ ಕಡೆ ಇನ್ನೂ ಜಾಸ್ತಿ. ಹೊರಗಿನ ಓದುಗರಿಗಾಗಿ ಹೇಳುತ್ತೇನೆ: ಕೆಂಪುಕಲ್ಲಿನ ಗುಡ್ಡದಲ್ಲಿ ಒಬ್ಬ ಮನುಷ್ಯ ಹೋಗುವಷ್ಟು ಅಗಲಕ್ಕೆ ಅಡ್ಡವಾಗಿ ಕೊರೆಯುತ್ತಾ ಹೋಗುವುದು, ಒರತೆ ಸಿಗುವವರೆಗೆ. ಪಂಪು ಬೇಡ, ನೀರು ತಾನಾಗಿ ಹರಿದು ಬರುತ್ತದೆ. ಲೆಕ್ಕ ಕೋಲಿನಲ್ಲಿ, ಒಂದು ಕೋಲು ಎಂದರೆ ಎರಡೂವರೆ ಅಡಿ. ಒಳಗೆ ಮೇಣದಬತ್ತಿ ಇಟ್ಟುಕೊಳ್ಳುತ್ತಾರೆ. ಅದು ಸಣ್ಣಗಾಗಿ ನಂದಿದರೆ ಗಾಳಿ ಸಾಲದು, ಹೊರಗೆ ಬರಬೇಕು.

ನನಗೆ ಆಗ ಹತ್ತು ವರ್ಷ. ಕೊರೆಯುವವರ ಜೊತೆ ಅಪ್ಪನೂ ಒಳಗೆ ಹೋಗುತ್ತಿದ್ದರು. ನನ್ನ ಕೆಲಸ ಬಾಯಿಯ ಹತ್ತಿರ ಕೂತು ಆಗಾಗ ಕೂಗುವುದು. “ಅಪ್ಪಾ” ಎಂದರೆ ಒಳಗಿನಿಂದ “ಹೂಂ” ಬರಬೇಕು. ಬಾರದಿದ್ದರೆ ಓಡಿ ಹೋಗಿ ದೊಡ್ಡವರನ್ನು ಕರೆಯಬೇಕು. ದಿನ ದಿನ ಆ ಹೂಂ ದೂರ ದೂರದಿಂದ ಬರುತ್ತಿತ್ತು. 38 ಕೋಲಿಗೆ ನೀರು ಸಿಕ್ಕಿತು. ನೀರು ಹರಿಯಲು ದಂಬೆ ಇಟ್ಟು, ನೀರು ಹೊರಗೆ ಬಂದಾಗ ಅಪ್ಪ ನನ್ನನ್ನು ಹತ್ತಿರ ಕರೆದು “ನೀನು ಮೊದಲು ಕುಡಿ” ಎಂದರು. ಅಪ್ಪ ನನ್ನ ಮೇಲೆ ಪ್ರೀತಿ ಇದೆ ಎಂದು ಬಾಯಿಬಿಟ್ಟು ಹೇಳಿದ್ದು ಅದೊಂದೇ ಸಲ ಎಂದು ನಾನು ಲೆಕ್ಕ ಹಾಕಿದ್ದೇನೆ.

ನಮ್ಮ ಹಿರಿಯರು ಕೆಲಸದ ಮೂಲಕ ಮಾತಾಡಿದವರು. ಹಗ್ಗ ಹಿಡಿ, ಬುಟ್ಟಿ ಕೊಡು, ಆ ಕಡೆ ನಿಲ್ಲು. ಅದರಲ್ಲೇ ಎಲ್ಲ ಇತ್ತು. ತೊಂದರೆ ಆಗುವುದು ಒಟ್ಟಿಗೆ ಮಾಡುವ ಕೆಲಸ ನಿಂತಾಗ. ನಾನು ಕಾಲೇಜಿಗೆ ಹೋದೆ, ಅಪ್ಪನ ಮೊಣಕಾಲು ಸೋತಿತು. ಒಂದೇ ಜಗಲಿಯಲ್ಲಿ ಕೂತರೂ ಇಬ್ಬರಿಗೂ ಮಾತು ಬರುತ್ತಿರಲಿಲ್ಲ. ನಿಮ್ಮ ಒಂಬತ್ತು ಗಂಟೆಯ ಫೋನ್ ಕೂಡ ಇದೇ. ಊಟ, ಮಳೆ, ಅಮ್ಮ. ಅವನಿಗೆ ನಿಮ್ಮ ಹತ್ತಿರ ಮಾತಾಡಲು ಮನಸ್ಸಿಲ್ಲ ಎಂದು ಅರ್ಥ ಮಾಡಬೇಡಿ. ನಿಮ್ಮಿಬ್ಬರ ನಡುವೆ ಈಗ ಕೆಲಸ ಇಲ್ಲ, ಅಷ್ಟೇ. ಹಾಗಿದ್ದರೂ ಅವನು ದಿನಾ ಫೋನ್ ಮಾಡುತ್ತಿದ್ದ ಎಂಬುದನ್ನು ಮರೆಯಬೇಡಿ.

ಅಪ್ಪನಿಗೆ ಮಲಯಾಳ ಓದಲು ಬರುತ್ತಿರಲಿಲ್ಲ. ಅವರು ಹುಟ್ಟಿದ್ದು ಮದ್ರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ಕಲಿತದ್ದು ಕನ್ನಡ ಶಾಲೆಯಲ್ಲಿ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೂತಲ್ಲೇ ಕೇರಳದವರಾದರು. ನಾನು ಕಾಸರಗೋಡಿಗೆ ಕಾಲೇಜಿಗೆ ಹೋಗುವಾಗ ಬಸ್ಸಿನ ಬೋರ್ಡು ನೋಡಿ ನೋಡಿ ಮಲಯಾಳ ಅಕ್ಷರ ಕಲಿತೆ. ಆಮೇಲೆ ಆಫೀಸಿನಿಂದ ಏನು ಕಾಗದ ಬಂದರೂ ಅಪ್ಪ ನನ್ನ ಕೈಗೆ ಕೊಟ್ಟು “ಓದು” ಎನ್ನುತ್ತಿದ್ದರು. ನಾನು ನಿಂತಲ್ಲೇ ಬಡಬಡ ಓದಿ, ಇಲ್ಲಿ ಸಹಿ ಹಾಕಿ ಎಂದು ತೋರಿಸಿ, ಹೊರಟುಹೋಗುತ್ತಿದ್ದೆ. ಇಡೀ ಮನೆ ನಡೆಸಿದ ಮನುಷ್ಯ ಮಗನ ಎದುರು ಕಾಗದ ಹಿಡಿದು ನಿಲ್ಲುವುದಕ್ಕೆ ಎಷ್ಟು ಧೈರ್ಯ ಬೇಕು ಎಂದು ಇಪ್ಪತ್ತರಲ್ಲಿ ನನಗೆ ಹೊಳೆಯಲಿಲ್ಲ. ಈಗ ನನ್ನ ಮಗಳು ಫೋನಿನಲ್ಲಿ ಏನೋ ಒತ್ತಿ ಕೊಟ್ಟು “ಆಯ್ತು ಅಪ್ಪ” ಎಂದು ಎದ್ದು ಹೋಗುವಾಗ ಹೊಳೆಯುತ್ತದೆ. ಅಪ್ಪ ಹೋಗಿ ಇಪ್ಪತ್ತೇಳು ವರ್ಷ. ಇನ್ನೊಂದು ಹತ್ತು ನಿಮಿಷ ಕೂತಿದ್ದರೆ ಏನು ಹೋಗುತ್ತಿತ್ತು ಎಂದು ಈಗಲೂ ಅನಿಸುತ್ತದೆ.

ಮಗಳ ಹೆಸರು ಬಂತು. ನಾನು ಮಾಡಿದ ತಪ್ಪನ್ನು ಹೇಳಲೇಬೇಕು, ಅದಿಲ್ಲದೆ ನಿಮಗೆ ಬುದ್ಧಿ ಹೇಳುವ ಹಕ್ಕು ನನಗಿಲ್ಲ. ಅವಳು ಏಳನೇ ಕ್ಲಾಸಿನಲ್ಲಿ ಶಾಲೆಯ ಯಕ್ಷಗಾನದಲ್ಲಿ ಅಭಿಮನ್ಯು ಆಗಿದ್ದಳು. ಆ ದಿನ ಪತ್ರಿಕೆ ಅಚ್ಚಿಗೆ ಹೋಗುವ ದಿನ. ನಾನು ಹೋಗಲಿಲ್ಲ. ಇದು ನನ್ನನ್ನು ವರ್ಷಗಟ್ಟಲೆ ಕೊರೆಯಿತು. ಅವಳ ಮದುವೆಯ ಹಿಂದಿನ ವಾರ ಧೈರ್ಯ ಮಾಡಿ ಹೇಳಿದೆ, “ಅವತ್ತು ಬರಲಿಲ್ಲ, ತಪ್ಪಾಯ್ತು ಮಗಳೇ.” ಅವಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. “ಅದು ನನಗೆ ನೆನಪೇ ಇಲ್ಲ ಅಪ್ಪ. ಅಮ್ಮ ಇದ್ರಲ್ಲ. ಆದರೆ ಎಂಟನೇ ಕ್ಲಾಸಿನಲ್ಲಿ ಒಂದು ಪದ್ಯ ಬರೆದು ತಂದು ನಿಮಗೆ ತೋರಿಸಿದ್ದೆ. ನೀವು ಕೆಂಪು ಪೆನ್ನು ತೆಗೆದು ತಿದ್ದಿ ಕೊಟ್ಟಿರಿ. ಆಮೇಲೆ ನಾನು ಬರೆಯಲಿಲ್ಲ.”

ನನಗೆ ಅದು ಎಳ್ಳಷ್ಟೂ ನೆನಪಿಲ್ಲ, ಅಣ್ಣಾ. ದಿನಕ್ಕೆ ಇಪ್ಪತ್ತು ಬರಹ ತಿದ್ದುವ ಕೈ, ಮಗಳದ್ದನ್ನೂ ತಿದ್ದಿತು. ಮತ್ತೆ ಇನ್ನೊಂದು ತಪ್ಪು ಮಾಡಿದೆ. “ಕಾಗುಣಿತ ತಪ್ಪಿದ್ದರೆ ತಿದ್ದಬೇಕಲ್ಲ” ಎಂದೆ. ಅವಳು “ಹೌದು” ಎಂದು ಎದ್ದು ಹೋದಳು. ಅದನ್ನು ಸರಿಮಾಡಲು ಮತ್ತೆ ಎರಡು ವರ್ಷ ಬೇಕಾಯಿತು. ನಾವು ನೆನಪಿಟ್ಟುಕೊಂಡ ತಪ್ಪೇ ಮಕ್ಕಳ ಮನಸ್ಸಿನಲ್ಲಿಯೂ ಇದೆ ಎಂದು ತಿಳಿಯಬೇಡಿ. ನಿಮ್ಮ ಮಗನೂ ‘ಬ್ಯಾರೆಲಾ? ಯಾವ ಬ್ಯಾರೆಲ್?’ ಎನ್ನಬಹುದು. ಬೇರೆ ಏನನ್ನೋ ಹೇಳಬಹುದು. ಆಗ ನನ್ನ ಹಾಗೆ ಉತ್ತರ ಕೊಡಲು ಹೋಗಬೇಡಿ.

ಈಗ ಬ್ಯಾರೆಲಿನ ಹತ್ತಿರ ಹೋಗೋಣ.

ನಿಮ್ಮ ಆ ದಿನದ ಸಿಟ್ಟು ನನಗೆ ಅರ್ಥವಾಗುತ್ತದೆ. ಮಳೆ ಒಂದು ಹೊತ್ತು ಬಿಟ್ಟಿದೆ. ಕೆಲಸದವರು ಮರ ಹತ್ತಲು ತಯಾರು. ಆ ಬಿಡುವು ತಪ್ಪಿದರೆ ಕೊಳೆರೋಗ ಬಂದು ಎಳೆಕಾಯಿ ಉದುರುತ್ತದೆ, ವರ್ಷದ ಫಸಲು ಹೋಗುತ್ತದೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ತಿರುಗಾಮುರುಗಾ ಮಾಡಿದರೆ ದ್ರಾವಣ ಒಡೆಯುತ್ತದೆ, ಎಲ್ಲ ಚೆಲ್ಲಬೇಕು. ನಮಗೆ ಇದು ಉಸಿರಾಡಿದ ಹಾಗೆ ಗೊತ್ತು. ಹನ್ನೆರಡರ ಹುಡುಗನಿಗೆ ಎರಡೂ ಬಕೆಟಿನಲ್ಲಿ ಕಾಣುವುದು ನೀರು. ಅವನು ಸಹಾಯ ಮಾಡಲು ಬಂದಿದ್ದ. ಯಾರೂ ಹೇಳದೆ, ತಾನಾಗಿ ಬಕೆಟ್ ಎತ್ತಿದ್ದ. ಅಷ್ಟು ಭಾರದ ಬಕೆಟ್.

ನಾಲ್ಕನೇ ಪುಟದಲ್ಲಿ ನೀವು ಒಂದು ಮಾತು ಬರೆದಿದ್ದೀರಿ: ‘ಅವನಿಗೆ ತೋಟದಲ್ಲಿ ಆಸಕ್ತಿಯೇ ಇಲ್ಲ, ಹನ್ನೆರಡು ಹದಿಮೂರರಿಂದಲೇ ಈ ಕಡೆ ತಲೆ ಹಾಕುತ್ತಿರಲಿಲ್ಲ.’ ಆರನೇ ಪುಟದಲ್ಲಿ ಬ್ಯಾರೆಲಿನ ಮೂರು ಸಾಲು. ಎರಡನ್ನೂ ಒಂದರ ಪಕ್ಕ ಒಂದಿಟ್ಟು ಒಮ್ಮೆ ಓದಿ. ಅದೇ ಕಾರಣ ಎಂದು ನಾನು ಹೇಳಲಾರೆ, ಅವನೊಬ್ಬನೇ ಹೇಳಬೇಕು. ಆದರೆ ಇಪ್ಪತ್ತೈದು ವರ್ಷ ಈ ಎರಡು ಮಾತು ನಿಮ್ಮ ಮನಸ್ಸಿನಲ್ಲಿ ಬೇರೆ ಬೇರೆ ಪುಟದಲ್ಲೇ ಇದ್ದವು.

ಹಾಗಾಗಿ ಫೋನ್ ಮಾಡಿ. ನೀವೇ ಮಾಡಿ, ಅವನ ಅಮ್ಮನ ಕೈಯಲ್ಲಿ ಹೇಳಿಸಬೇಡಿ. ಅವರು ಇಷ್ಟು ವರ್ಷ ನಿಮ್ಮಿಬ್ಬರ ಮಾತನ್ನು ಅತ್ತ ಇತ್ತ ಹೊತ್ತು ದಣಿದಿದ್ದಾರೆ. ‘ಮದ್ದಿನ ದಿನ ಎಲ್ಲರ ಎದುರು ನಿನಗೆ ಹೊಡೆದೆ, ತಪ್ಪಾಯ್ತು ಮಗಾ’ ಎನ್ನಿ. ಅಲ್ಲಿಗೆ ನಿಲ್ಲಿಸಿ. ‘ಆದರೆ’ ಎಂದು ಮುಂದುವರಿಸಬೇಡಿ. ತೋಟದ ಮಾತು, ಅಜ್ಜನ ಮಾತು, ಲೀಸಿನ ಮಾತು ಆ ದಿನ ಬೇಡ. ಅವನು ಸುಮ್ಮನಾಗಬಹುದು. ‘ಅದೆಲ್ಲ ಈಗ ಯಾಕಪ್ಪ’ ಎಂದು ಅಮ್ಮನಿಗೆ ಕೊಡಲು ಹೇಳಬಹುದು. ಕೊಡಿ. ನೀವು ಹೇಳಿದ್ದು ಅವನ ಕಿವಿಗೆ ಬಿದ್ದಿರುತ್ತದೆ.

ಅಕ್ಕಿಮುಡಿಯ ಕಥೆ ಇನ್ನೊಂದು ದಿನಕ್ಕೆ ಇರಲಿ. ಅದನ್ನು ಹೇಳುವಾಗ ಮೊಮ್ಮಕ್ಕಳು ಹತ್ತಿರ ಇದ್ದರೆ ಇನ್ನೂ ಒಳ್ಳೆಯದು.

ಒಂದು ವಿಷಯ ಹೇಳದೆ ಇರಲಾರೆ, ಬೇಸರ ಮಾಡಬೇಡಿ. ಆರು ಪುಟದಲ್ಲಿ ನಿಮ್ಮ ಮಗಳಿಗೆ ಸಿಕ್ಕಿದ್ದು ಎರಡು ವಾಕ್ಯ. ಪುತ್ತೂರಿಗೆ ಕೊಟ್ಟಿದೆ, ಬಂದು ಹದಿನೈದು ದಿನ ಇದ್ದಳು. ತನ್ನ ಮನೆ, ಮಕ್ಕಳ ಶಾಲೆ ಎಲ್ಲ ಬಿಟ್ಟು ಹದಿನೈದು ದಿನ ನಿಮಗೆ ಅನ್ನ ಕಲಸಿ ಕೊಟ್ಟವಳು, ಅಂಗಿಯ ಗುಂಡಿ ಹಾಕಿದವಳು ಅವಳೇ ಇರಬೇಕು. ಬಾರದೆ ಇರುವ ಮಗನ ಬಗ್ಗೆ ರಾತ್ರಿ ಯೋಚಿಸುವ ನಮಗೆ, ಬಂದು ಹೋಗುವ ಮಗಳು ಕಣ್ಣಿಗೆ ಬೀಳುವುದೇ ಇಲ್ಲ. ತೋಟವನ್ನು ಮುಂದೆ ಏನು ಮಾಡುವುದು ಎಂದು ಮಾತಾಡುವ ದಿನ ಅವಳನ್ನೂ ಕೂರಿಸಿ. ಅವಳಿಗೆ ಏನು ಬೇಕು ಎಂದು ಕೇಳಿ. ಯಾರಿಗೆ ಗೊತ್ತು, ತೋಟದ ಮೇಲೆ ಪ್ರೀತಿ ಇರುವುದು ಅವಳಿಗೇ ಇರಬಹುದು.

ಈ ಸಂಚಿಕೆ ನಿಮ್ಮ ಕೈಗೆ ಬರುವಾಗ ಮಳೆ ಶುರುವಾಗುವ ಮೊದಲಿನ ಮದ್ದಿನ ತಯಾರಿ ನಡೆದಿರುತ್ತದೆ. ಮೊದಲನೆಯದಕ್ಕೆ ಮಗ ಬಾರದಿದ್ದರೆ, ಎರಡನೆಯದು ಹೇಗೂ 40–45 ದಿನ ಬಿಟ್ಟು. ಅದಕ್ಕೆ ಕರೆಯಿರಿ. ಕೆಲಸ ಮಾಡಲಿಕ್ಕೆ ಬೇಡ, ದೋಟಿಯ ಹುಡುಗರು ಮಾಡುತ್ತಾರೆ. ಬ್ಯಾರೆಲಿನ ಹತ್ತಿರ ಎರಡು ಕುರ್ಚಿ ಹಾಕಿಸಿ. ಕತ್ತಿಯ ಅಲಗನ್ನು ದ್ರಾವಣಕ್ಕೆ ಅದ್ದಿ ನೋಡುವುದು ಉಂಟಲ್ಲ, ಕೆಂಪು ಬಣ್ಣ ಹಿಡಿದರೆ ಇನ್ನೂ ಸುಣ್ಣ ಬೇಕು ಎಂದು? ಕತ್ತಿಯನ್ನು ಅವನ ಕೈಗೆ ಕೊಡಿ. ‘ನನಗೆ ಈಗ ಬಣ್ಣ ಸರಿಯಾಗಿ ಕಾಣುವುದಿಲ್ಲ, ನೋಡಿ ಹೇಳು’ ಎನ್ನಿ. ಕಣ್ಣು ಮಂಜಾಗಿದೆ ಎಂದು ಎರಡನೇ ಪುಟದಲ್ಲಿ ನೀವೇ ಬರೆದಿದ್ದೀರಿ, ಸುಳ್ಳು ಹೇಳಿದಂತೆ ಆಗುವುದಿಲ್ಲ.

ಫೋನ್ ಮಾಡಿದ ಮೇಲೆ ನನಗೊಂದು ಕಾರ್ಡು ಹಾಕಿ. ಅವನು ಏನು ಹೇಳಿದ ಎಂದು ಬರೆಯುವುದು ಬೇಡ, ಅದು ನಿಮ್ಮಿಬ್ಬರದು. ‘ಮಾಡಿದೆ’ ಎಂದು ಬರೆದರೆ ಸಾಕು.

— ಸಂಪಾದಕ